ಉಭಯಗಾನ ವಿಶಾರದ ಪಂಚಾಕ್ಷರ ಗವಾಯಿಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲ ತಾಲ್ಲೂಕು ಮಲೆನಾಡು ಮತ್ತು ಬಯಲುಸೀಮೆಗಳ ಸಂಧಿಪ್ರದೇಶವಾಗಿತ್ತು. ಆ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಜಂಗಮ ದಂಪತಿಗಳಿಗೆ 1892ರ ಫೆಬ್ರುವರಿ 2ರಂದು ಒಂದು ಗಂಡುಮಗು ಜನಿಸಿತು. ಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಅಣ್ಣ ಗುರುಬಸಯ್ಯನಂತೆ ತಮ್ಮನೂ ಹುಟ್ಟಿನಿಂದಲೇ ದೃಷ್ಟಿಹೀನನಾಗಿದ್ದನು. ಒಂದೇ ಮನೆಯ ಇಬ್ಬರು ಮಕ್ಕಳಿಗೂ ಕಣ್ಣಿಲ್ಲವೆಂಬುದು ಬಡ ಸಂಸಾರವೊಂದಕ್ಕೆ ಎಂತಹ ಭಾರವಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಕಾಲದಲ್ಲಿ ಹಳ್ಳಿಯ ಅಂಧ ಮಗುವಿನ ಮುಂದೆ ಇದ್ದ ದಾರಿಗಳು ಬಹಳ ಕಡಿಮೆ. ಸಿಡುಬು, ಪೌಷ್ಟಿಕ ಆಹಾರದ ಕೊರತೆ, ಕಣ್ಣಿನ ಸೋಂಕುಗಳಿಂದ ದೃಷ್ಟಿ ಕಳೆದುಕೊಂಡವರು ಊರೂರಲ್ಲಿ ಇದ್ದರು. ಅವರಲ್ಲಿ ಹಲವರ ಬದುಕು ಗುಡಿಯ ಮೆಟ್ಟಿಲಿನಲ್ಲಿಯೋ ಸಂತೆಯ ಅಂಚಿನಲ್ಲಿಯೋ ಕಳೆಯುತ್ತಿತ್ತು. ಭಾರತದ ಮೊದಲ ಅಂಧಶಾಲೆ 1887ರಲ್ಲಿ ದೂರದ ಅಮೃತಸರದಲ್ಲಿ ಆರಂಭವಾಗಿತ್ತು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದದ್ದು 1901ರಲ್ಲಿ. ಆದರೆ ಮೈಸೂರು ಅಂದು ಬೇರೊಂದು ಸಂಸ್ಥಾನ. ಮುಂಬಯಿ ಕರ್ನಾಟಕದ ಹಳ್ಳಿಯೊಂದರ ಜಂಗಮರ ಮನೆಗೆ ಇಂತಹ ಶಾಲೆಗಳ ಸುದ್ದಿ ತಲುಪುವ ಸಂಭವವೂ ಇರಲಿಲ್ಲ. ಕಾಡಶೆಟ್ಟಿಹಳ್ಳಿಯ ಈ ಸಹೋದರರಿಗೆ ಇದ್ದ ಆಸ್ತಿಯೆಂದರೆ ಇಂಪಾದ ಕಂಠ ಮತ್ತು ಒಮ್ಮೆ ಕೇಳಿದ್ದನ್ನು ಮರೆಯದ ನೆನಪು.

ಈ ಆಸ್ತಿಯನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1867ರಲ್ಲಿ ಜನಿಸಿದ ಕುಮಾರಸ್ವಾಮಿಗಳು ಆ ಕಾಲದ ಉತ್ತರ ಕರ್ನಾಟಕದ ದೊಡ್ಡ ಸಂಘಟಕರು. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದವರು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದವರು ಅವರೇ. ಅಂಧ ಬಾಲಕರಿಬ್ಬರ ಹಾಡನ್ನು ಕೇಳಿದ ಸ್ವಾಮಿಗಳು ಅವರ ಮೇಲೆ ಕನಿಕರ ತೋರಿ ಕಾಣಿಕೆ ಕೊಟ್ಟು ಕಳುಹಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಕ್ರಮಬದ್ಧವಾದ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗವಾಯಿಗಳ ಜೀವನದ ಎಲ್ಲ ಮುಂದಿನ ಘಟನೆಗಳಿಗೂ ಈ ತೀರ್ಮಾನವೇ ಮೂಲ. ಭಿಕ್ಷೆ ಒಂದು ಹೊತ್ತಿನದು. ವಿದ್ಯೆ ಬಾಳಿನುದ್ದಕ್ಕೂ ಬರುವಂಥದು ಎಂಬ ಅರಿವು ಆ ತೀರ್ಮಾನದ ಹಿಂದೆ ಇತ್ತು.

ಗದಿಗೆಯ್ಯನ ಶಿಕ್ಷಣ ಮೊದಲು ನಡೆದದ್ದು ಕರ್ನಾಟಕ ಸಂಗೀತದಲ್ಲಿ. ಅದಕ್ಕಾಗಿ ಅವರನ್ನು ಮೈಸೂರಿಗೆ ಕಳುಹಿಸಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೈಸೂರು ಅಂದು ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ ಮೊದಲಾದವರ ನೆಲೆಯಾಗಿತ್ತು. ಅಲ್ಲಿ ವೆಂಕಟರಮಣಯ್ಯನವರ ಬಳಿ ಅವರು ಕೆಲವು ವರ್ಷಗಳ ಕಾಲ ಅಭ್ಯಾಸ ಮಾಡಿದರು. ದಕ್ಷಿಣಾದಿ ಪದ್ಧತಿಯಲ್ಲಿ ಗಟ್ಟಿಯಾದ ನೆಲೆ ದೊರೆತ ಮೇಲೆ ಹಿಂದುಸ್ತಾನಿ ಪದ್ಧತಿಯ ಕಡೆಗೆ ತಿರುಗಿದರು. ಗ್ವಾಲಿಯರ್ ಗಾಯಕಿಯ ಮಿರಜದ ನೀಲಕಂಠಬುವಾ ಅವರಿಗೆ ಗುರುಗಳಾದರು. ಮುಂದೆ ಮಲ್ಲಿಕಾರ್ಜುನ ಮನ್ಸೂರರಿಗೂ ತಳಹದಿಯ ಶಿಕ್ಷಣ ನೀಡಿದವರು ಇದೇ ನೀಲಕಂಠಬುವಾ. ಅನಂತರ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ವಿದ್ಯೆ ದೊರೆಯಿತು. ಕಿವಿ ಮಂದವಾಗಿದ್ದುದರಿಂದ ಈ ಉಸ್ತಾದರನ್ನು ಸಂಗೀತಲೋಕ ಬೆಹರೆ ವಹೀದ್ ಖಾನ್ ಎಂದು ಕರೆಯುತ್ತಿತ್ತು. ಎರಡು ಪದ್ಧತಿಗಳಲ್ಲಿಯೂ ಸಮಾನವಾದ ಅಧಿಕಾರ ಪಡೆದ ಗವಾಯಿಗಳಿಗೆ ಉಭಯಗಾನ ವಿಶಾರದ ಎಂಬ ಬಿರುದು ಸಹಜವಾಗಿಯೇ ಸಂದಿತು. ಗದಿಗೆಯ್ಯ ಎಂಬ ಹೆಸರು ಹಿಂದೆ ಸರಿದು ಪಂಚಾಕ್ಷರಿ ಎಂಬ ಹೆಸರು ನೆಲೆಗೊಂಡಿತು. ಗವಾಯಿ ಎಂದರೆ ಹಾಡುಗಾರ. ಉತ್ತರ ಕರ್ನಾಟಕದಲ್ಲಿ ಆ ಪದಕ್ಕೆ ಇಂದಿಗೂ ಒಂದು ತೂಕವಿದ್ದರೆ ಅದರಲ್ಲಿ ಇವರ ಪಾಲು ದೊಡ್ಡದು.

ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಸಂಗೀತ ಹೇಗೆ ಒದಗಿಬಂತು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಗುರು ಒಂದು ಸಾಲು ಹಾಡುತ್ತಾನೆ, ಶಿಷ್ಯ ಅದನ್ನು ಹಾಗೆಯೇ ಒಪ್ಪಿಸುತ್ತಾನೆ. ತಂಬೂರಿಯ ಶ್ರುತಿಗೆ ಷಡ್ಜವನ್ನು ಸೇರಿಸುವುದು ಕಿವಿಯ ಕೆಲಸ. ತಬಲಾದ ಪಾಠ ಬೋಲುಗಳ ರೂಪದಲ್ಲಿ ಮೊದಲು ಬಾಯಿಗೆ ಬರುತ್ತದೆ, ಆಮೇಲೆ ಕೈಗೆ ಇಳಿಯುತ್ತದೆ. ತಾಳವನ್ನು ಅಂಗೈ ತಟ್ಟಿ ಕಲಿಯಬಹುದು. ಹಾರ್ಮೋನಿಯಂ ಮನೆಗಳನ್ನು ಬೆರಳ ಸ್ಪರ್ಶದಿಂದ ಗುರುತಿಸಬಹುದು. ಈ ಕಲಿಕೆಯ ಯಾವ ಹಂತದಲ್ಲಿಯೂ ಕಾಗದ ಅನಿವಾರ್ಯವಲ್ಲ. ಅದೇ ಕಾಲದಲ್ಲಿ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು ಸ್ವರಲಿಪಿಯ ಪುಸ್ತಕಗಳನ್ನು ಬಳಕೆಗೆ ತಂದಿದ್ದರು. ಬಾಲ್ಯದಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದದ್ದೇ ಪಲುಸ್ಕರರನ್ನು ಸಂಗೀತದ ಕಡೆಗೆ ತಿರುಗಿಸಿತೆಂಬುದು ಗಮನಾರ್ಹ. ಪಲುಸ್ಕರರು ಸಂಗೀತವನ್ನು ಅಚ್ಚಿನ ಮೂಲಕ ಶಾಲೆಯಾಗಿಸಿದರು. ಗವಾಯಿಗಳು ಅಚ್ಚಿನ ಹಂಗಿಲ್ಲದೆ, ಹಳೆಯ ಮುಖಪಾಠದ ಕ್ರಮದಲ್ಲಿಯೇ ಅದನ್ನು ಶಾಲೆಯಾಗಿಸಿದರು. ಪಾಠಕ್ರಮ ಮುಖಪಾಠದ್ದಾಗಿದ್ದಾಗ ಕಣ್ಣಿರುವ ಮಗು, ಕಣ್ಣಿಲ್ಲದ ಮಗು ಎಂಬ ಭೇದ ಬಹುಮಟ್ಟಿಗೆ ತಾನಾಗಿಯೇ ಅಳಿಯುತ್ತದೆ.

ಈ ಶಾಲೆಯ ಆರಂಭ 1914ರಲ್ಲಿ, ಗದಗ ಸೀಮೆಯ ನಿಡಗುಂದಿಕೊಪ್ಪದಲ್ಲಿ. ಕಲಿತ ವಿದ್ಯೆಯನ್ನು ಸ್ವಂತ ಸಂಪಾದನೆಗೆ ಬಳಸದೆ ಅಂಧರಿಗೂ ಅನಾಥರಿಗೂ ಬಡವರಿಗೂ ಧಾರೆಯೆರೆಯಬೇಕೆಂದು ಕುಮಾರಸ್ವಾಮಿಗಳು ಆಜ್ಞಾಪಿಸಿದರೆಂದು ಆಶ್ರಮದ ಪರಂಪರೆ ಹೇಳುತ್ತದೆ. ಗವಾಯಿಗಳು ಬ್ರಹ್ಮಚರ್ಯವನ್ನು ಸ್ವೀಕರಿಸಿ ಆ ಆಜ್ಞೆಯನ್ನು ಕೊನೆಯವರೆಗೂ ಪಾಲಿಸಿದರು. ಶಾಲೆಗೆ ಕಟ್ಟಡವಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ಮಕ್ಕಳು, ವಾದ್ಯಗಳು, ಪಾತ್ರೆಪಡಗಗಳು ಎಲ್ಲವೂ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುತ್ತಿದ್ದವು. ಯಾವುದೋ ಊರಿನ ಮಠದಲ್ಲಿಯೋ ಗುಡಿಯ ಪೌಳಿಯಲ್ಲಿಯೋ ಬಿಡಾರ. ಬೆಳಗಿನ ಜಾವದಲ್ಲಿ ಸ್ವರಸಾಧನೆ. ಸಂಜೆ ಊರವರ ಮುಂದೆ ಗಾಯನ ಅಥವಾ ಕೀರ್ತನ. ಭಕ್ತರು ಕೊಟ್ಟ ಜೋಳ, ಬೇಳೆ, ಬೆಲ್ಲದಿಂದ ಮರುದಿನದ ಊಟ. ಮಳೆ ಕೈಕೊಟ್ಟ ವರ್ಷ ಕೊಡುವವರ ಕೈಯೂ ಬರಿದಾಗುತ್ತಿತ್ತು. ಮುಂಬಯಿ ಕರ್ನಾಟಕಕ್ಕೆ 1918 ಅಂತಹ ಒಂದು ವರ್ಷ. ಮಳೆಯ ಅಭಾವದ ಜೊತೆಗೆ ಇನ್‌ಫ್ಲುಯೆಂಜಾ ಮಾರಿಯೂ ನಾಡನ್ನು ಹೊಕ್ಕಿತು. ಹಸಿದ ಮಕ್ಕಳ ಗುಂಪನ್ನು ಕಟ್ಟಿಕೊಂಡು ಅಂಧ ಗುರುವೊಬ್ಬರು ಈ ಸೀಮೆಯಲ್ಲಿ ದಶಕಗಳ ಕಾಲ ಪಾಠ ನಿಲ್ಲಿಸದೆ ತಿರುಗಿದರೆಂಬುದು ಅವರ ಗಾಯನಕ್ಕಿಂತ ಕಡಿಮೆಯ ಸಾಧನೆಯಲ್ಲ.

ಮಕ್ಕಳನ್ನು ಸೇರಿಸಿಕೊಳ್ಳುವಾಗ ಜಾತಿಯನ್ನು ಕೇಳುವ ಪದ್ಧತಿ ಇರಲಿಲ್ಲ. ಅಷ್ಟೇ ಮಹತ್ವದ ಇನ್ನೊಂದು ಸಂಗತಿಯಿದೆ. ಅದು ಅಂಧರಿಗೆ ಮಾತ್ರ ಮೀಸಲಾದ ಶಾಲೆಯೂ ಆಗಿರಲಿಲ್ಲ. ಕಣ್ಣಿದ್ದವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಗುರುವಿನ ಮುಂದೆ ಕುಳಿತು ಕಲಿತರು. ದೃಷ್ಟಿಯಿದ್ದ ಹುಡುಗ ಅಂಧ ಸಹಪಾಠಿಯ ಕೈಹಿಡಿದು ಹೊಳೆಗೆ ಕರೆದೊಯ್ಯುವುದು, ಅಂಧ ಸಹಪಾಠಿ ಅವನಿಗೆ ತಪ್ಪಿದ ತಾನನ್ನು ತಿದ್ದಿಕೊಡುವುದು, ಇವೆರಡೂ ಅಲ್ಲಿ ದಿನನಿತ್ಯದ ವ್ಯವಹಾರಗಳು. ವಿಕಲಚೇತನರ ಹಕ್ಕುಗಳನ್ನು ಕುರಿತ 2016ರ ಕಾಯಿದೆ ಸಮನ್ವಯ ಶಿಕ್ಷಣವನ್ನು ಹಕ್ಕೆಂದು ಹೇಳುವುದಕ್ಕೆ ಒಂದು ಶತಮಾನ ಮೊದಲೇ ಇಂತಹ ಕ್ರಮವೊಂದು ಕನ್ನಡ ನಾಡಿನ ಧೂಳಿನ ಹಾದಿಗಳಲ್ಲಿ ನಡೆದಿತ್ತು.

ಶಿಷ್ಯರಲ್ಲಿ ಇಬ್ಬರ ಕಥೆ ಈ ಮಾತಿಗೆ ನಿದರ್ಶನವಾಗಿದೆ. ಮೊದಲನೆಯವರು ಪುಟ್ಟರಾಜ ಗವಾಯಿಗಳು. ಶಾಲೆ ಆರಂಭವಾದ 1914ರಲ್ಲಿಯೇ ಹಾನಗಲ್ಲ ಸೀಮೆಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಎಳೆಯ ವಯಸ್ಸಿನಲ್ಲಿ ಪಂಚಾಕ್ಷರ ಗವಾಯಿಗಳ ಮಡಿಲಿಗೆ ಬಂದ ಇವರು ಗಾಯನದ ಜೊತೆಗೆ ಅನೇಕ ವಾದ್ಯಗಳಲ್ಲಿ ನೈಪುಣ್ಯ ಗಳಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ಎರಡನೆಯವರು ಯಲಿವಾಳದ ಬಸವರಾಜ ರಾಜಗುರು. ಇವರಿಗೆ ದೃಷ್ಟಿಯಿತ್ತು. ನಾಟಕದ ಗೀಳು ಹಿಡಿದಿದ್ದ ಹುಡುಗನನ್ನು ಗವಾಯಿಗಳು ತಿದ್ದಿ ತೀಡಿ ಗಾಯಕನನ್ನಾಗಿ ಮಾಡಿದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ರಾಜಗುರು ತಮ್ಮ ಮೊದಲ ದೊಡ್ಡ ಕಛೇರಿಯನ್ನು ನೀಡಿದರು. ಆ ವೇದಿಕೆಯಲ್ಲಿ ಶಿಷ್ಯನ ಪಕ್ಕದಲ್ಲಿ ತಬಲಾ ನುಡಿಸಲು ಕುಳಿತವರು ಸ್ವತಃ ಗವಾಯಿಗಳು. ತಾವು ಹಾಡಬಹುದಾಗಿದ್ದ ಸಭೆಯಲ್ಲಿ ಹದಿಹರೆಯದ ಶಿಷ್ಯನಿಗೆ ಸಾಥಿ ನೀಡಿದ ಈ ಒಂದು ಘಟನೆ ಅವರು ಎಂತಹ ಗುರುವಾಗಿದ್ದರೆಂಬುದನ್ನು ತಿಳಿಸುತ್ತದೆ. ಮೃತ್ಯುಂಜಯಬುವಾ ಪುರಾಣಿಕಮಠ, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರೂ ಇದೇ ಪರಂಪರೆಯಲ್ಲಿ ಬೆಳೆದರು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಗವಾಯಿಗಳನ್ನು ನೆನೆಯಲು ಇನ್ನೊಂದು ಕಾರಣವಿದೆ. ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಅಳವಡಿಸಿ ಸಭೆಗಳಲ್ಲಿ ಹಾಡುವ ಕ್ರಮಕ್ಕೆ ಬಲ ತಂದವರಲ್ಲಿ ಅವರು ಪ್ರಮುಖರು. ಇದೇ ದಶಕಗಳಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಯಿಂದ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅಚ್ಚಾದ ಪುಸ್ತಕ ಓದುಬಲ್ಲವರ ಕೈಗೆ ಹೋಯಿತು. ಆದರೆ ಅಂದಿನ ಹಳ್ಳಿಗಳಲ್ಲಿ ಓದುಬಲ್ಲವರು ಎಷ್ಟು ಮಂದಿ? ಅಕ್ಷರವಿಲ್ಲದ ರೈತನಿಗೂ, ಶಾಲೆಯ ಮುಖ ಕಾಣದ ಹೆಣ್ಣುಮಗಳಿಗೂ ವಚನವನ್ನು ತಲುಪಿಸಿದ್ದು ಹಾಡು. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಅದರ ಗದ್ಯಲಯವನ್ನು ಕೆಡಿಸದೆ ತಾಳಕ್ಕೆ ಕೂರಿಸುವುದು ಸುಲಭದ ಕೆಲಸವಲ್ಲ. ಪದದ ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಉಸಿರೂ ನಿಲ್ಲಬೇಕು. ವಚನವನ್ನು ಕಂಡು ಓದದೆ ಕೇಳಿ ಕಲಿತವರಿಗೆ ಈ ನಿಲುಗಡೆಗಳ ಅರಿವು ಹೆಚ್ಚು ಸೂಕ್ಷ್ಮವಾಗಿದ್ದರೆ ಆಶ್ಚರ್ಯವಿಲ್ಲ. ವಚನ ಸಾಹಿತ್ಯದ ಪುನರುತ್ಥಾನದ ಚರಿತ್ರೆಯಲ್ಲಿ ಸಂಪಾದಕರ ಹೆಸರುಗಳ ಜೊತೆಗೆ ಹಾಡುಗಾರರ ಹೆಸರುಗಳೂ ಬರಬೇಕಾಗಿದೆ.

ಗಡಿಯ ಕನ್ನಡಿಗರಿಗೆ ಈ ಜೀವನ ಇನ್ನೊಂದು ಬಗೆಯಿಂದಲೂ ಹತ್ತಿರದ್ದು. ಗವಾಯಿಗಳು ಬದುಕಿದ್ದಷ್ಟು ಕಾಲವೂ ಗದಗ ಮುಂಬಯಿ ಪ್ರಾಂತದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದೇ ವಿಂಗಡಣೆಯಲ್ಲಿ ಹಾಸನೂರು, ತಾಳವಾಡಿ ಬೆಟ್ಟಗಳ ಕನ್ನಡ ಹಳ್ಳಿಗಳು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿದವು. ಗಡಿಯೆಂದರೆ ಕಳೆದುಕೊಳ್ಳುವ ಸ್ಥಳವೆಂದು ಮಾತ್ರ ಭಾವಿಸುವುದು ವಾಡಿಕೆ. ಗವಾಯಿಗಳ ಸಂಗೀತವಾದರೋ ಗಡಿಯಿಂದಲೇ ಸಮೃದ್ಧವಾದದ್ದು. ಮೈಸೂರಿನಿಂದ ಕೃತಿ, ಮಿರಜದಿಂದ ಖ್ಯಾಲ್, ಕಿರಾಣಾದ ಉಸ್ತಾದರಿಂದ ರಾಗವಿಸ್ತಾರ, ಕಲ್ಯಾಣದ ಶರಣರಿಂದ ಸಾಹಿತ್ಯ ಇವೆಲ್ಲ ಅವರಲ್ಲಿ ಕೂಡಿಬಂದವು. ಮುಖಪಾಠದ ಬಲವಂತೂ ಈ ಬೆಟ್ಟಗಳ ಜನರಿಗೆ ಹೊಸದಲ್ಲ. ಮಾದೇಶ್ವರನ ಮಹಾಕಾವ್ಯವನ್ನು ಕಂಸಾಳೆಯ ದೇವರಗುಡ್ಡರು ತಲೆಮಾರುಗಳಿಂದ ಕಿವಿಯಿಂದ ಕಿವಿಗೆ ದಾಟಿಸಿ ಉಳಿಸಿದ್ದಾರೆ. ಅಕ್ಷರ ಬಲ್ಲವನೇ ವಿದ್ಯಾವಂತ ಎಂಬ ಅಳತೆಗೋಲಿನಿಂದ ನೋಡಿದರೆ ಈ ಗುಡ್ಡರೂ ಕಾಣುವುದಿಲ್ಲ, ಗದುಗಿನ ಅಂಧ ಗುರುವೂ ಕಾಣುವುದಿಲ್ಲ.

ಸಂಚಾರಿ ಶಾಲೆಗೆ ಒಂದು ನೆಲೆ ದೊರೆತದ್ದು ಗದುಗಿನಲ್ಲಿ. ಅಲ್ಲಿನ ಬಸರಿಗಿಡದ ವೀರಪ್ಪನವರು ಗವಾಯಿಗಳ ಕಾರ್ಯಕ್ಕೆ ಆಸರೆಯಾಗಿ ನಿಂತರು. ಹೀಗೆ ವೀರೇಶ್ವರ ಪುಣ್ಯಾಶ್ರಮ ನೆಲೆಯೂರಿತು. ಕುಮಾರಸ್ವಾಮಿಗಳು 1930ರಲ್ಲಿಯೇ ಲಿಂಗೈಕ್ಯರಾಗಿದ್ದರು. ಶಿಷ್ಯನ ಶಾಲೆಗೆ ಸ್ವಂತ ಸೂರು ಬಂದದ್ದನ್ನು ನೋಡಲು ಅವರಿರಲಿಲ್ಲ. ಆ ಸೂರಿನ ಕೆಳಗೆ ಗವಾಯಿಗಳಿಗೂ ಹೆಚ್ಚು ವರ್ಷಗಳು ದೊರೆಯಲಿಲ್ಲ. 1944ರ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಆಶ್ರಮದ ಹೊಣೆ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಂತು. ಒಬ್ಬ ಅಂಧ ಗುರು ಕಟ್ಟಿದ ಸಂಸ್ಥೆಯನ್ನು ಇನ್ನೊಬ್ಬ ಅಂಧ ಶಿಷ್ಯ ಅರುವತ್ತಾರು ವರ್ಷಗಳ ಕಾಲ, 2010ರಲ್ಲಿ ತಾವು ಕಣ್ಮರೆಯಾಗುವವರೆಗೆ ನಡೆಸಿದರು. ಮಕ್ಕಳ ಅನ್ನಕ್ಕಾಗಿ ಗುರುವಿನ ಹೆಸರಿನಲ್ಲಿ ನಾಟಕ ಸಂಘವನ್ನೂ ಕಟ್ಟಿ ಊರೂರು ತಿರುಗಿದರು. ಅಂಧರು ಬೇರೆಯವರ ಆಡಳಿತದಲ್ಲಿ ಆಶ್ರಯ ಪಡೆಯುವವರು ಎಂಬ ರೂಢಿಯ ಭಾವನೆಯನ್ನು ಈ ಎರಡು ತಲೆಮಾರುಗಳ ಆಡಳಿತ ಸುಳ್ಳುಮಾಡಿತು.

ಗವಾಯಿಗಳ ಕೀರ್ತಿ ಮುಂದಿನ ಕಾಲಕ್ಕೆ ತಲುಪಿದ ಬಗೆಯೂ ವಿಚಾರಯೋಗ್ಯವಾಗಿದೆ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ಆದರೆ ಗವಾಯಿಗಳ ಸೀಮೆಗೆ ಸಮೀಪದ ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಅಷ್ಟರಲ್ಲಿ ಗವಾಯಿಗಳು ಅಗಲಿ ಐದು ವರ್ಷಗಳು ಕಳೆದಿದ್ದವು. ತಮ್ಮ ನಾಡಿನ ಬಾನುಲಿಯನ್ನು ಅವರು ಕೇಳಲಿಲ್ಲ. ಅದು ಅವರನ್ನು ಕೇಳಿಸಲಿಲ್ಲ. ಬಸವರಾಜ ರಾಜಗುರು ಮೊದಲಾದ ಶಿಷ್ಯರ ಕಂಠದ ಮೂಲಕವೇ ಅವರ ಗಾಯನ ಮನೆಮನೆಯ ರೇಡಿಯೋ ಪೆಟ್ಟಿಗೆಗೆ ಬಂತು. ಬಾನುಲಿಯಾದರೋ ಕೇಳುಗನ ಕಣ್ಣನ್ನು ಬೇಡದ ಮಾಧ್ಯಮ. ಅಂಧ ಕೇಳುಗನೂ ಉಳಿದವರೂ ಅದರ ಮುಂದೆ ಸಮಾನರು. ಗವಾಯಿಗಳ ಪಾಠಶಾಲೆಯ ಗುಣವೂ ಅದೇ ಆಗಿತ್ತು.

1995ರಲ್ಲಿ ಚಿಂದೋಡಿ ಬಂಗಾರೇಶ್ ಅವರ ನಿರ್ದೇಶನದಲ್ಲಿ ಗವಾಯಿಗಳ ಜೀವನ ಚಲನಚಿತ್ರವಾಯಿತು. ಸಂಗೀತ ನಿರ್ದೇಶನಕ್ಕಾಗಿ ಹಂಸಲೇಖ ಅವರಿಗೂ ಹಿನ್ನೆಲೆ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಈ ಚಿತ್ರ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಗವಾಯಿಗಳ ಹೆಸರು ಸಂಗೀತ ಬಲ್ಲವರ ವಲಯವನ್ನು ದಾಟಿ ಸಾಮಾನ್ಯ ಜನರ ಬಾಯಿಗೆ ಬಂದುದರಲ್ಲಿ ಈ ಚಿತ್ರದ ಪಾತ್ರ ಹಿರಿದು. ವಿಕಲಚೇತನರ ಸಮಾನ ಅವಕಾಶಗಳನ್ನು ಕುರಿತ ದೇಶದ ಮೊದಲ ಸಮಗ್ರ ಕಾಯಿದೆ ಬಂದದ್ದೂ ಅದೇ ವರ್ಷದಲ್ಲಿ.

ಆದರೂ ಇಂತಹ ಜೀವನಗಳನ್ನು ನಿರೂಪಿಸುವಾಗ ಒಂದು ಎಚ್ಚರ ಬೇಕಾಗುತ್ತದೆ. ಮಹಾತ್ಮರ ಕಥೆಗಳಿಗೆ ಪವಾಡಗಳು ಬೇಗ ಅಂಟಿಕೊಳ್ಳುತ್ತವೆ. ಕಣ್ಣಿಲ್ಲದವರು ಏನನ್ನಾದರೂ ಸಾಧಿಸಿದರೆ ಅದನ್ನು ದೈವಕೃಪೆಯೆಂದು ಹೇಳಿ ಮುಗಿಸುವುದು ನಮ್ಮ ಸಮಾಜಕ್ಕೆ ಸುಲಭ. ಹಾಗೆ ಹೇಳಿದಾಗ ಪ್ರತಿದಿನ ನಸುಕಿನಲ್ಲಿ ಎದ್ದು ಮಾಡಿದ ಸಾಧನೆ, ಜೋಳಿಗೆ ಹಿಡಿದ ತೋಳಿನ ದಣಿವು, ನೂರು ಬಾಯಿಗೆ ರೊಟ್ಟಿ ತಟ್ಟಿದವರ ದುಡಿಮೆ, ಹಸಿದ ವರ್ಷಗಳ ಲೆಕ್ಕಾಚಾರ ಎಲ್ಲವೂ ಮರೆಯಾಗುತ್ತವೆ. ಪವಾಡವನ್ನು ಯಾರೂ ಅನುಸರಿಸಲಾರರು. ಶಾಲೆಯನ್ನಾದರೋ ಇನ್ನೊಂದು ಊರಿನಲ್ಲಿ ಕಟ್ಟಬಹುದು. ಗವಾಯಿಗಳನ್ನು ಸಂತರೆಂದು ಪೂಜಿಸಿದಷ್ಟು ಶಿಕ್ಷಣತಜ್ಞರೆಂದು ಅಧ್ಯಯನ ಮಾಡಿಲ್ಲ. ಪ್ರಸಿದ್ಧರಾದ ಕೆಲವರನ್ನು ಬಿಟ್ಟರೆ ಅವರ ಇತರ ಶಿಷ್ಯರ ಕಥೆಯೂ ಬಹುತೇಕ ಅಲಿಖಿತ. ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದವರು, ಮಠಗಳಲ್ಲಿ ಪುರಾಣ ಹೇಳಿದವರು, ಕೀರ್ತನಕಾರರು, ಊರ ಶಾಲೆಯ ಸಂಗೀತ ಮಾಸ್ತರರು ತಮ್ಮ ವಿದ್ಯೆಯಿಂದ ಅನ್ನ ಸಂಪಾದಿಸಿ ಸಂಸಾರ ನಡೆಸಿದರು. ಯಾವ ಪ್ರಶಸ್ತಿಯ ಪಟ್ಟಿಯಲ್ಲಿಯೂ ಇಲ್ಲದ ಈ ಜನರೇ ಆ ಶಾಲೆಯ ನಿಜವಾದ ಫಲ.

ಇದರ ಜೊತೆಗೆ ಆ ಕ್ರಮದ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಅಂಧ ಮಗುವಿಗೆ ಸಂಗೀತವೊಂದೇ ದಾರಿ ಎಂಬ ಭಾವನೆ ನಾಡಿನಲ್ಲಿ ಬೇರೂರಿದೆ. ಕಂಠವಿಲ್ಲದ, ಶ್ರುತಿಜ್ಞಾನ ಒದಗದ ಅಂಧ ಮಗುವೂ ಇರುತ್ತದೆ. ಗಣಿತದಲ್ಲಿಯೋ ಕೈಕಸುಬಿನಲ್ಲಿಯೋ ಆಸಕ್ತಿಯಿರುವ ಮಗುವೂ ಇರುತ್ತದೆ. ಭಾರತದ ಭಾಷೆಗಳಿಗೆ ಸಮಾನವಾದ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ. ಅದಕ್ಕೆ ಮೊದಲು ಬಾಳಿ ಹೋದ ಗವಾಯಿಗಳು ತಮ್ಮ ಕಾಲದಲ್ಲಿ ತೆರೆಯಬಹುದಾಗಿದ್ದ ಬಾಗಿಲನ್ನು ತೆರೆದರು. ಉಳಿದ ಬಾಗಿಲುಗಳನ್ನು ತೆರೆಯುವ ಹೊಣೆ ಅವರ ಅನಂತರದವರದು. ಇಂದು ತೆರೆಯನ್ನು ಓದಿಹೇಳುವ ತಂತ್ರಾಂಶಗಳಿವೆ, ಧ್ವನಿಪುಸ್ತಕಗಳಿವೆ. ಆದರೂ ಕನ್ನಡ ಸಾಹಿತ್ಯದ ಎಷ್ಟು ಪಠ್ಯಗಳು ಅಂಧ ವಿದ್ಯಾರ್ಥಿಗೆ ಉಳಿದವರಂತೆಯೇ ಸಕಾಲದಲ್ಲಿ ದೊರೆಯುತ್ತಿವೆ ಎಂಬುದು ಪ್ರತಿಯೊಂದು ತರಗತಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಗದುಗು ಕನ್ನಡ ಓದುಗರಿಗೆ ಕುಮಾರವ್ಯಾಸನ ಊರು. ವೀರನಾರಾಯಣನ ಗುಡಿಯಿಂದ ಬಹಳ ದೂರವಿಲ್ಲದ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಮಕ್ಕಳು ಸಂಗೀತಾಭ್ಯಾಸ ಮಾಡುತ್ತಾರೆ. ಗಮಕಿಯ ಕಂಠದಲ್ಲಿ ಭಾರತ ಉಳಿದು ಬಂದಂತೆ ಅಲ್ಲಿ ಗವಾಯಿಗಳ ವಿದ್ಯೆ ಒಂದು ಕಂಠದಿಂದ ಇನ್ನೊಂದು ಕಂಠಕ್ಕೆ ದಾಟುತ್ತಿದೆ. ಆ ಮಕ್ಕಳಲ್ಲಿ ಕೆಲವರಿಗೆ ಕಣ್ಣಿದೆ, ಕೆಲವರಿಗೆ ಇಲ್ಲ. ಎಲ್ಲರೂ ಒಂದೇ ಶ್ರುತಿಗೆ ಹಾಡುತ್ತಾರೆ.